ಮಾನ್ಯ ಶಾಸಕರಿಗೆ ಬಹಿರಂಗ ಪತ್ರ: ಗರ್ಸು ಸಾಕು, ಬೈಲಿ ಸೇತುವೆ ಹಾಕಿಸಿ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಘಟಪ್ರಭಾ ದಂಡೆಯ ಒಂದು ಊರಿನವನು. ಸೈನ್ಯಕ್ಕೆ ದಾರಿ, ಸೇತುವೆ ಮಾಡಿಕೊಡುವ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿದ್ದೆ. ಈಗ ಸ್ವಲ್ಪ ಕಬ್ಬು, ಎರಡು ಎಮ್ಮೆ, ಪಿಂಚಣಿ. ಇಷ್ಟು ವರ್ಷ ಅರ್ಜಿಗಳನ್ನು ನಿಮ್ಮ ಕಚೇರಿಗೇ ತಂದು ಕೊಡುತ್ತಿದ್ದೆ. ಸೀಲು ಹಾಕಿಸಿಕೊಂಡ ಪ್ರತಿಗಳು ಒಂದು ಚೀಲದ ತುಂಬ ಇವೆ. ಈ ಸಲ ನಾಲ್ಕು ಜನಕ್ಕೆ ಕಾಣುವ ಹಾಗೆ ಬರೆಯುತ್ತಿದ್ದೇನೆ. ಬೇಜಾರು ಮಾಡ್ಕೋಬೇಡಿ.

ಬೇಡಿಕೆ ಒಂದೇ. ನಮ್ಮೂರ ಸೇತುವೆಯ ಆಚೆ ತುದಿಯನ್ನು 2019ರ ಆಗಸ್ಟ್ ಪ್ರವಾಹ ಕಿತ್ತುಕೊಂಡು ಹೋಯಿತು. ಅಲ್ಲಿ ಬಿದ್ದ ಕಂದಕಕ್ಕೆ ಮತ್ತೆ ಗರ್ಸು ಮಣ್ಣು ಸುರಿಯಬೇಡಿ. ಬೈಲಿ ಸೇತುವೆ, ಅಂದರೆ ಉಕ್ಕಿನ ಚೌಕಟ್ಟು ಜೋಡಿಸಿ ಕೂರಿಸುವ ಸೇತುವೆ ಹಾಕಿಸಿ. ಮುಂದಿನ ಮಳೆಗಾಲಕ್ಕೆ ಮುಂಚೆ.

ಯಾಕೆ ಅಂತ ನಿಮ್ಮ ಎಂಜಿನಿಯರುಗಳಿಗೆ ಗೊತ್ತು, ನಿಮಗೂ ಗೊತ್ತು. ಸೇತುವೆ ತಗ್ಗಿನದು, ಕೆಳಗೆ ನೀರು ಹರಿಯುವ ಕಣ್ಣುಗಳು ಕಡಿಮೆ. ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟರೆ ಜಾಲಿ ಕಂಟಿ, ಕಬ್ಬಿನ ರವದಿ ಎಲ್ಲ ಬಂದು ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಕೆಳಗೆ ದಾರಿ ಸಿಗದ ನೀರು ಪಕ್ಕದ ಮಣ್ಣಿನ ಏರಿಯನ್ನು ಕೊರೆದುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ನೀವು ಟೆಂಡರ್ ಕರೀತೀರಿ. ಗರ್ಸು ಬರುತ್ತದೆ, ರೋಲರ್ ಓಡುತ್ತದೆ, ಬಿಲ್ ಆಗುತ್ತದೆ. ಶ್ರಾವಣ ಮುಗಿಯೋದರೊಳಗೆ ಆ ಗರ್ಸು ಆಲಮಟ್ಟಿ ಕಡೆ ಹೊರಟಿರುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಟೆಂಡರ್. ಯಾರಿಗೆ ಲಾಭ ಅಂತ ನಾನು ಕೇಳುವುದಿಲ್ಲ.

ಆ ಕಂದಕ 60 ಅಡಿ ಇದೆ. ಟೇಪು ಹಿಡಿದು ಅಳೆದಿದ್ದೇನೆ.

60 ಅಡಿ ಅಂದರೆ ನನ್ನಂಥವನಿಗೆ ಸುಮ್ನೆ ಇರೋಕೆ ಆಗಲ್ಲ. ನಮ್ಮ ಸೈನ್ಯದಲ್ಲಿ ಟಿ-72 ಟ್ಯಾಂಕಿನ ಮೈಮೇಲೆ ಮಡಚಿಟ್ಟ ಸೇತುವೆ ಇರುವ ಒಂದು ಗಾಡಿ ಇದೆ. ಬಿ.ಎಲ್.ಟಿ. ಅಂತೀವಿ. ಆ ಸೇತುವೆಯ ಉದ್ದ 20 ಮೀಟರ್. ನಿಮ್ಮ ಕಂದಕಕ್ಕಿಂತ ಸ್ವಲ್ಪ ಜಾಸ್ತಿಯೇ. ಗಾಡಿ ಕಂದಕದ ಅಂಚಿಗೆ ಬಂದು ನಿಲ್ಲುತ್ತದೆ. ಮೇಲಿನ ಮುಚ್ಚಳ ಹಾಕಿಯೇ ಇರುತ್ತದೆ, ಒಳಗಿನ ಹುಡುಗರು ಯಾರೂ ಕೆಳಗೆ ಇಳಿಯುವುದಿಲ್ಲ. ಹೈಡ್ರಾಲಿಕ್ ಪಂಪು ಗೊಂಯ್ ಅನ್ನುತ್ತದೆ, ಸೇತುವೆ ಬಿಚ್ಚಿಕೊಂಡು ಆಚೆ ದಡಕ್ಕೆ ಹೋಗಿ ಕೂರುತ್ತದೆ. ಆ ಭಾರಕ್ಕೆ ಗಾಡಿಯ ಮುಂಭಾಗ ನೆಲಕ್ಕೆ ಒತ್ತಿಕೊಳ್ಳುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಆಮೇಲೆ ಗಾಡಿ ಕೊಂಡಿ ಬಿಡಿಸಿಕೊಂಡು ಹಿಂದೆ ಸರಿಯುತ್ತದೆ, ಟ್ಯಾಂಕುಗಳು ದಾಟಲು ಶುರು. ಎಲ್ಲ ಸೇರಿ ಕೆಲವೇ ನಿಮಿಷದ ಕೆಲಸ. ಅದೂ ಎದುರಿನಿಂದ ಗುಂಡು ಬೀಳುವಾಗ ಮಾಡಬೇಕಾದ ಕೆಲಸ. ನಿಮ್ಮ ಎದುರು ಯಾರು ಗುಂಡು ಹಾರಿಸುತ್ತಿದ್ದಾರೆ ಸಾಹೇಬ್ರೇ?

ನಮ್ಮೂರಿಗೆ ಟ್ಯಾಂಕು ತರಿಸಿ ಅಂತ ನಾನು ಕೇಳುತ್ತಿಲ್ಲ. ಯುದ್ಧದ ಗಾಡಿ ಯುದ್ಧಕ್ಕೇ ಇರಲಿ. ಕೆಲಸ ಮಾಡುವ ರೀತಿ ಮಾತ್ರ ಅಲ್ಲಿಂದ ತರಿಸಿ ಅಂತಿದ್ದೇನೆ.

ಪ್ರತಿ ಸಲ ನಿಮ್ಮ ಕಡೆಯಿಂದ ಬರುವ ಉತ್ತರ "ಸರ್ವೆ ಆಗಬೇಕು". ಸರ್ವೆಗೂ ಸೈನ್ಯದಲ್ಲಿ ಗಾಡಿ ಇದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಓ.ದ ಪುಣೆ ಪ್ರಯೋಗಾಲಯ, ಸೈನಿಕರನ್ನು ಒಯ್ಯುವ ಬಿಎಂಪಿ-2 ಗಾಡಿಯನ್ನೇ ಬದಲಾಯಿಸಿ ಮಾಡಿದ್ದು. ಅದರ ಮೊದಲ 14 ಗಾಡಿಗಳನ್ನು 2021ರ ಡಿಸೆಂಬರ್‌ನಲ್ಲಿ ಸ್ಯಾಪರ್‌ಗಳ ಕೈಗೆ ಕೊಟ್ಟರು. ನೀರು ಎಷ್ಟು ಆಳ, ದಡ ಎಷ್ಟು ಇಳಿಜಾರು, ನೆಲ ಎಷ್ಟು ಭಾರ ತಡೆಯುತ್ತದೆ, ಎಲ್ಲ ಅಳೆಯುತ್ತದೆ. ನಮ್ಮೂರಿಗೆ ಸರ್ವೆಗೆ ಬಂದವರು ಜೀಪಿನ ಗಾಜು ಇಳಿಸಿ ನೋಡಿ ಹೋದರು. ಬಿಸಿಲು ಜಾಸ್ತಿ ಇತ್ತು, ತಪ್ಪು ಹೇಳಲಾಗದು.

ಇನ್ನು ಹೋದ ಮಳೆಗಾಲದ ಕಥೆ. ಬರೆಯಬಾರದು ಅಂತಲೇ ಇದ್ದೆ.

ನೀರು ಇಳಿದ ಮೇಲೆ ನೀವು ನೆರೆ ವೀಕ್ಷಣೆಗೆ ಬರುವುದಿತ್ತು. ರಸ್ತೆ ತುಂಬ ಮೊಣಕಾಲುದ್ದ ರಾಡಿ, ಮಧ್ಯೆ ಉರುಳಿ ಬಿದ್ದ ಜಾಲಿ ಗಿಡಗಳು. ಬೆಳಿಗ್ಗೆ ಜೆಸಿಬಿ ಬಂತು. ಊರವರಿಗೆಲ್ಲ ಖುಷಿ. ನನ್ನ ಅಣ್ಣನಿಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಬಾಗಲಕೋಟೆಗೆ ಡಯಾಲಿಸಿಸ್‌ಗೆ ಹೋಗಬೇಕು. ಅವತ್ತೂ ಹೋಗಬೇಕಿತ್ತು. ಆಚೆ ಬದಿಗೆ ಗಾಡಿ ಬಂದು ಕಾಯುತ್ತಿತ್ತು. ಕಂದಕದಲ್ಲಿ ನೀರು ಪಾದ ಮುಳುಗುವಷ್ಟೇ ಉಳಿದಿತ್ತು. ಜೆಸಿಬಿ ಇನ್ನು ಸ್ವಲ್ಪ ಮುಂದೆ ಹೋಗಿ ರಾಡಿ ಎಳೆದು, ಕಂದಕದ ದಡ ಕೆರೆದಿದ್ದರೆ ಟ್ರ್ಯಾಕ್ಟರ್‌ನಲ್ಲಾದರೂ ಇಳಿಸಿ ದಾಟಿಸಬಹುದಿತ್ತು.

ಜೆಸಿಬಿ ನಿಮ್ಮ ಪೆಂಡಾಲ್ ತನಕ ಬಂತು. ಅಲ್ಲೇ ಬಕೆಟ್ ಎತ್ತಿ ತಿರುಗಿಸಿಕೊಂಡಿತು. ನಾನು ಅಡ್ಡ ಹೋಗಿ ಕೇಳಿದೆ. ಡ್ರೈವರ್ ಪಾಪ ಚಿಕ್ಕ ಹುಡುಗ. "ಕಾಕಾ, ನನಗ ಪೆಂಡಾಲ್ ತನಕ ಅಷ್ಟ ಹೇಳ್ಯಾರ. ಮುಂದಿಂದು ನನಗ ಗೊತ್ತಿಲ್ರಿ" ಅಂದ. ನೀವು ಬಂದ್ರಿ, ಹಾರ ಹಾಕಿಸಿಕೊಂಡ್ರಿ, ಪೆಂಡಾಲಿನಿಂದಲೇ ಕೈ ಚಾಚಿ ಹೊಳೆ ತೋರಿಸಿದ್ರಿ, ಫೋಟೋ ಆಯಿತು, ಹೋದ್ರಿ. ನಮ್ಮ ಓಣಿಯ ಹುಡುಗರು ಪೆಂಡಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲೇ ಅಣ್ಣನನ್ನು ಕೂರಿಸಿ, ರಾಡಿಯಲ್ಲಿ ಹೆಜ್ಜೆ ಕೀಳುತ್ತಾ ಕಂದಕಕ್ಕೆ ಇಳಿದು ಆಚೆ ಹತ್ತಿಸಿದರು. ಒಬ್ಬನ ಕಾಲಿಗೆ ಜಾಲಿ ಮುಳ್ಳು ಮುರಿಯಿತು. ಕುರ್ಚಿಯ ಒಂದು ಕಾಲೂ ಮುರಿಯಿತು. ಸಂಜೆ ಶಾಮಿಯಾನದವನು ಕುರ್ಚಿ ಎಣಿಸಿ, ಒಂದು ಕಮ್ಮಿ ಬಂತು ಅಂತ ನೇರ ನಮ್ಮ ಮನೆಗೇ ಬಂದ. ದುಡ್ಡು ಕೊಟ್ಟು ಕಳಿಸಿದೆ. ಕುರ್ಚಿಗೆ ಲೆಕ್ಕ ಇಡುವವರು ಇದ್ದಾರೆ. ಗರ್ಸಿಗೆ ಇಲ್ಲ, ಅಲ್ವಾ?

ದಾರಿ ತೆರೆಯುವ ಕೆಲಸದಲ್ಲಿ ನಮಗೆ ಮೊದಲ ದಿನವೇ ಕಲಿಸುವುದು ಇದು: ಲೇನ್ ಅಂದರೆ ಈ ತುದಿಯಿಂದ ಆ ತುದಿ. ಮಧ್ಯೆ ನಿಂತರೆ ಅದು ಲೇನ್ ಅಲ್ಲ. ಟ್ಯಾಂಕಿನ ಮುಂದೆ ಕಟ್ಟುವ ಮೈನ್ ಪ್ಲೋ ನಮ್ಮ ರಂಟೆಯ ಹಾಗೆಯೇ ನೆಲ ಸೀಳಿಕೊಂಡು ಹೋಗಿ, ಹೂತಿಟ್ಟ ನೆಲಬಾಂಬುಗಳನ್ನು ಎತ್ತಿ ಬದಿಗೆ ತಳ್ಳುತ್ತದೆ. ಕೊನೆಯ ಹತ್ತು ಅಡಿ ಬಿಟ್ಟರೆ ಆ ಹತ್ತು ಅಡಿಯಲ್ಲೇ ಜೀವ ಹೋಗುತ್ತದೆ. ಟಿ-90 ಟ್ಯಾಂಕುಗಳಿಗೆ ಇಂಥ 1,512 ಪ್ಲೋಗಳನ್ನು ಮಾಡಿಕೊಡುವ ಗುತ್ತಿಗೆ 2020ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಬೆಮೆಲ್‌ಗೆ ಸಿಕ್ಕಿತು, ಸುಮಾರು 557 ಕೋಟಿ ರೂಪಾಯಿಯದು. ಅಂದರೆ ಅಡೆತಡೆ ಒಡೆದು ದಾರಿ ಮಾಡುವ ಯಂತ್ರ ಕಟ್ಟುವ ಜನ ನಮ್ಮ ರಾಜ್ಯದಲ್ಲೇ ಇದ್ದಾರೆ. 1971ರ ಡಿಸೆಂಬರ್‌ ಯುದ್ಧದಲ್ಲಿ ಬಸಂತರ್ ನದಿ ಹತ್ತಿರ ಪಾಕಿಸ್ತಾನದ ನೆಲಬಾಂಬಿನ ಬಯಲಿನಲ್ಲಿ ದಾರಿ ಮಾಡಿದ್ದು ನಮ್ಮದೇ 9 ಎಂಜಿನಿಯರ್ ರೆಜಿಮೆಂಟ್. ದಾರಿ ಪೂರ್ತಿ ಆಗುವ ಮೊದಲೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಬೇಕಾಯಿತು, ಶತ್ರು ಟ್ಯಾಂಕು ಬರುತ್ತಿತ್ತು. ಅರ್ಧ ದಾರಿಯಲ್ಲಿ ಹೋಗೋಕೆ ಅವರಿಗೆ ಅಂಥ ಕಾರಣ ಇತ್ತು. ನಿಮ್ಮ ಜೆಸಿಬಿಗೆ ಏನಿತ್ತು?

ಪಾಠ ಕಲಿಯೋಕೂ ಒಂದು ಕಾಲಮಿತಿ ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ, 1942ರ ಆಗಸ್ಟ್‌ನಲ್ಲಿ, ಜರ್ಮನರ ವಶದಲ್ಲಿದ್ದ ಫ್ರಾನ್ಸ್‌ನ ಡಿಯೆಪ್ ಎಂಬಲ್ಲಿ ಬ್ರಿಟಿಷ್ ಮತ್ತು ಕೆನಡಾ ಸೈನಿಕರ ದಾಳಿ ಮಣ್ಣುಪಾಲಾಯಿತು. ಬೀದಿಗೆ ಅಡ್ಡ ಕಟ್ಟಿದ ಕಾಂಕ್ರೀಟ್ ತಡೆಗಳನ್ನು ಒಡೆಯಲು ಹೋದ ಸ್ಯಾಪರ್‌ಗಳು ಗುಂಡಿಗೆ ಬಿದ್ದರು, ಟ್ಯಾಂಕುಗಳು ಊರೊಳಗೆ ಹೋಗಲಾಗಲಿಲ್ಲ. ಆಮೇಲೆ ಬ್ರಿಟಿಷರು ಜನರಲ್ ಹೋಬಾರ್ಟ್ ಅಂತ ಒಬ್ಬರಿಗೆ ಕೆಲಸ ವಹಿಸಿದರು. ಹುಟ್ಟಿದ್ದು ನಮ್ಮ ನೈನಿತಾಲ್‌ನಲ್ಲಿ, ಮೊದಲು ಬಂಗಾಳ ಸ್ಯಾಪರ್ಸ್‌ನಲ್ಲೂ ಇದ್ದವರು. ಸೇತುವೆ ಹೊರುವ ಟ್ಯಾಂಕು, ಸರಪಳಿ ಬೀಸಿ ನೆಲಬಾಂಬು ಸಿಡಿಸುವ ಟ್ಯಾಂಕು, ಕಟ್ಟಿಗೆ ಹೊರೆ ತಂದು ಕಂದಕ ತುಂಬುವ ಟ್ಯಾಂಕು, ಇವನ್ನೆಲ್ಲ ಅವರ ದಳ ಸಿದ್ಧ ಮಾಡಿತು. 1944ರ ಜೂನ್ 6ಕ್ಕೆ ಅವು ಫ್ರಾನ್ಸ್‌ನ ನಾರ್ಮಂಡಿ ದಡದಲ್ಲಿದ್ದವು. ಒಂದು ಸೋಲು, ಎರಡು ವರ್ಷದೊಳಗೆ ಉತ್ತರ. ನಮ್ಮ ಏರಿ 2019ರಿಂದ ಸೋಲುತ್ತಲೇ ಇದೆ, ಉತ್ತರ ಇನ್ನೂ ಗರ್ಸೇ.

ಬೈಲಿ ಸೇತುವೆ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಾ? 2024ರಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಭೂಕುಸಿತ ಆದಾಗ ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಬೆಂಗಳೂರಿನಿಂದ ಹೋದ ನಮ್ಮ ಮದ್ರಾಸ್ ಸ್ಯಾಪರ್ಸ್ ಹುಡುಗರು, ಒಬ್ಬ ಮಹಿಳಾ ಮೇಜರ್ ಮುಂದೆ ನಿಂತು ನಡೆಸಿದ ಕೆಲಸ. 190 ಅಡಿ ಸೇತುವೆ, 24 ಟನ್ ತಡೆಯುವಂಥದ್ದು. ಹೊಳೆ ಹರಿಯುತ್ತಿರುವಾಗಲೇ ಹಗಲೂ ರಾತ್ರಿ ದುಡಿದು ಆಗಸ್ಟ್ 1ಕ್ಕೆ ಮುಗಿಸಿದರು. ನಮ್ಮದು 60 ಅಡಿ, ಅದೂ ಬೇಸಿಗೆಯಲ್ಲಿ ಒಣ ನೆಲ.

ಈ ಸೇತುವೆ ಅಂದರೆ 10 ಅಡಿಯ ಉಕ್ಕಿನ ಚೌಕಟ್ಟುಗಳು. ಆರು ಜನ ಒಂದನ್ನು ಎತ್ತುತ್ತಾರೆ, ಪಿನ್ ಹೊಡೆದು ಜೋಡಿಸುತ್ತಾರೆ, ರೋಲರ್ ಮೇಲೆ ಆಚೆಗೆ ತಳ್ಳುತ್ತಾರೆ. ಕ್ರೇನ್ ಬೇಕೇಬೇಕು ಅಂತಿಲ್ಲ. ಕೋಲ್ಕತ್ತದ ಗಾರ್ಡನ್ ರೀಚ್ ಕಾರ್ಖಾನೆ ಮಾಡಿ ಮಾರುತ್ತದೆ. ಮುಖ್ಯ ಮಾತು, ಇದರ ಕೆಳಗೆ ನೀರಿಗೆ ದಾರಿ ಇರುತ್ತದೆ. ಏರಿ ಇದ್ದರೆ ತಾನೇ ನೀರು ಅದನ್ನು ಕೊರೆಯೋದು? ಎರಡೂ ಬದಿಗೆ ಗಟ್ಟಿ ಕಾಂಕ್ರೀಟ್ ಕಟ್ಟೆ ಕಟ್ಟಿ ಕೂರಿಸಿದರೆ ಆಯಿತು. ಹೊಳೆ ತುಂಬಿ ಹಳೆ ಸೇತುವೆಯೇ ಮುಳುಗಿದಾಗ ನಾವೂ ದಾಟಲ್ಲ, ಅಷ್ಟು ಬುದ್ಧಿ ನಮಗಿದೆ. ನೀರು ಇಳಿದ ಮರುದಿನ ದಾಟಬೇಕು. ಈಗ ನೀರು ಇಳಿದು ತಿಂಗಳುಗಟ್ಟಲೆ ಕಾಯುತ್ತೇವೆ. ಕಬ್ಬಿನ ಟ್ರ್ಯಾಕ್ಟರ್ ಒಂದೊಂದೇ ಟ್ರೇಲರ್ ಎಳೆದು ದಾಟಲಿ, ಬೋರ್ಡ್ ಹಾಕಿ, ಕಾವಲಿಗೆ ಬೇಕಾದರೆ ನಾನೇ ನಿಲ್ಲುತ್ತೇನೆ.

"ಎತ್ತರದ ಹೊಸ ಸೇತುವೆ ಮಂಜೂರಾಗ್ತದೆ, ತಡೀರಿ" ಅಂತ ನಿಮ್ಮ ಆಪ್ತ ಸಹಾಯಕರು ಹೇಳುತ್ತಲೇ ಇದ್ದಾರೆ. ಆಗಲಿ, ಸಂತೋಷ. ಅದಾದ ದಿನ ಬೈಲಿ ಸೇತುವೆಯ ಪಿನ್ ಬಿಚ್ಚಿ ಇನ್ನೊಂದು ಊರಿಗೆ ಒಯ್ಯಿರಿ. ನಮ್ಮ ಹೊಳೆಯ ಮೇಲೆ ಕೆಳಗೆ ಇಂಥ ಊರುಗಳಿಗೇನು ಬರವೇ? ಗರ್ಸನ್ನು ಹಾಗೆ ಬಿಚ್ಚಿ ಒಯ್ಯೋಕೆ ಆಗಲ್ಲ.

ದುಡ್ಡಿಲ್ಲ ಅನ್ನಬೇಡಿ, ಪ್ರತಿ ವರ್ಷ ಹೊಳೆಗೆ ಸುರಿಯುವ ದುಡ್ಡು ಇದೆ. ನಿಯಮ ಇಲ್ಲ ಅನ್ನಬೇಡಿ, ಟೆಂಡರ್ ಕರೆಯದೆ ಕೆಲಸ ಕೊಡುವ 4(ಜಿ) ವಿನಾಯಿತಿ ಯಾವಾಗ ಸಿಗುತ್ತದೆ, ಹೇಗೆ ಸಿಗುತ್ತದೆ ಅಂತ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಗರ್ಸು ಟೆಂಡರ್ ಕರೆಯಬೇಡಿ. ಬೈಲಿ ಸೇತುವೆ ಹಾಕಿಸಿ. ಮೇ ಮುಗಿಯೋದರೊಳಗೆ ಹಾಕಿಸಿ.

ಎಂಜಿನಿಯರನ್ನು ಕಳಿಸುವುದಾದರೆ ಬೆಳಿಗ್ಗೆ ಬಿಸಿಲೇರುವ ಮುಂಚೆ ಕಳಿಸಿ, ಜೀಪಿನಿಂದ ಇಳಿಯೋಕೆ ಹೇಳಿ. ಟೇಪಿನ ಇನ್ನೊಂದು ತುದಿ ನಾನು ಹಿಡಿಯುತ್ತೇನೆ.

ಇಂತಿ ನಿಮ್ಮ ಮತದಾರ,
ನಿವೃತ್ತ ಹವಾಲ್ದಾರ್, ಮದ್ರಾಸ್ ಸ್ಯಾಪರ್ಸ್
ಬಾಗಲಕೋಟೆ ಜಿಲ್ಲೆ