ಹಾವು-ಏಣಿ ಪಟವೊಂದನ್ನು ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಆ್ಯಪ್‌ಗಳು ಬರುಬರುತ್ತಾ ಯಾಕೆ ಕೆಡುತ್ತವೆ ಅಂತ ನಿಮ್ಮಲ್ಲಿ ಆಗಾಗ ಲೇಖನ ಬರುತ್ತದೆ. ನಾನು ಓದುತ್ತೇನೆ. ಮನೆಯಲ್ಲಿ ಇನ್ಯಾರೂ ಓದುವುದಿಲ್ಲ, ಮಗಳಂತೂ ನೇರ ಪದಬಂಧಕ್ಕೆ ಹಾರುತ್ತಾಳೆ. ಅದಕ್ಕೇ ಆ ಮಾತನ್ನು ಆಟದಲ್ಲೇ ತೋರಿಸೋಣ ಅಂತ ಹೋದ ರಜೆಯಲ್ಲಿ ಹಳೇ ಕ್ಯಾಲೆಂಡರ್ ಹಿಂಬದಿಯಲ್ಲಿ ಹಾವು-ಏಣಿ ಪಟ ಬರೆದೆ. ಹಾವು, ಏಣಿಗಳನ್ನು ಮಾತ್ರ ರಟ್ಟಿನಲ್ಲಿ ಕತ್ತರಿಸಿ ಬಿಡಿಯಾಗಿ ಇಟ್ಟೆ.

ಪಟಕ್ಕೆ ಒಬ್ಬ ಯಜಮಾನ. ಅವನು ದಾಳ ಹಾಕುವುದಿಲ್ಲ, ಐದು ಸುತ್ತಿಗೊಮ್ಮೆ ಹಾವು-ಏಣಿಗಳನ್ನು ತನಗೆ ಬೇಕಾದ ಕಡೆ ಇಡುತ್ತಾನೆ. ಯಾರಿಗೆ ಹಾವು ಕಚ್ಚಿದರೂ ಯಜಮಾನನಿಗೊಂದು ಹುಣಸೆ ಬೀಜ. ಇಷ್ಟವಿಲ್ಲದವರು ಎದ್ದು ಪಕ್ಕದ ಖಾಲಿ ಪಟಕ್ಕೆ ಹೋಗಬಹುದು, ಆದರೆ ಒಂದನೇ ಮನೆಯಿಂದ ಶುರು, ಇಬ್ಬರಾದರೂ ಇದ್ದರೆ ಮಾತ್ರ ಆಟ.

ಅಕ್ಕನ ಹತ್ತು ವರ್ಷದ ಮಗ ಯಜಮಾನನಾದ. ಮೊದಲಿಗೆ ಬರೀ ಏಣಿ ಇಟ್ಟ, ಒಂದು ಹಾವೂ ಇಲ್ಲ. ನಾನೇನೂ ಹೇಳಿಕೊಟ್ಟಿರಲಿಲ್ಲ! ಎಲ್ಲರೂ 60 ದಾಟಿದ ಮೇಲೆ ಶುರುವಾಯಿತು ನೋಡಿ ಹಾವುಗಳ ಮೆರವಣಿಗೆ. ಮಗಳು ಸಿಟ್ಟಾಗಿ ಎದ್ದಳು. "ನೀನೂ ಬಾರೇ" ಅಂತ ಅವನ ತಂಗಿಯನ್ನು ಕರೆದಳು. "ನಾನು 84ರಲ್ಲಿ ಇದ್ದೀನಿ ಕಣೇ, ಆಮೇಲೆ ಬರ್ತೀನಿ" ಅಂದಳು ಅವಳು. ಮಗಳು ಒಂದು ನಿಮಿಷ ನಿಂತು ವಾಪಸ್ ಕೂತಳು.

ವಾಟ್ಸ್ಆ್ಯಪ್ ವಿಷಯದಲ್ಲಿ ನಾವೂ ಹೀಗೇ ಅಲ್ವಾ? ಜಾಹೀರಾತು ಯಾಕೆ ಹಾಕುವುದಿಲ್ಲ ಅಂತ ಅದನ್ನು ಕಟ್ಟಿದವರೇ 2012ರಲ್ಲಿ ಬರೆದಿದ್ದರು. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. 2025ರ ಜೂನ್‌ನಲ್ಲಿ, ನಾವು ಸ್ಟೇಟಸ್ ನೋಡುವ ಜಾಗಕ್ಕೆ ಜಾಹೀರಾತು ಬರುತ್ತದೆ ಅಂತ ಘೋಷಣೆಯಾಯಿತು. ನಾನು ಬಿಟ್ಟೆನಾ? ಮಗಳ ಶಾಲೆಯ ಗುಂಪು, ಹಾಲಿನವರ ಲೆಕ್ಕ, ಊರಿನ ಸಾವು-ನೋವಿನ ಸುದ್ದಿ ಎಲ್ಲ ಅಲ್ಲೇ ಇದೆ. ನನ್ನದೂ 84ನೇ ಮನೆ.

ಈ ಕೆಡುವ ಚಾಳಿಗೆ 2022ರಲ್ಲಿ ಕೋರಿ ಡಾಕ್ಟರೋ ಎಂಬ ಲೇಖಕರು ಒಂದು ಹೆಸರಿಟ್ಟರು, ಅದರಲ್ಲಿ ಸ್ವಲ್ಪ ಹೊಲಸು ಮಾತು ಸೇರಿರುವುದರಿಂದ ನೀವು ಅಚ್ಚು ಹಾಕಲಾರಿರಿ. ಅವರು ಹೇಳುವುದಿಷ್ಟು: ಮೊದಲು ಬಳಸುವವರಿಗೆ ಬೆಣ್ಣೆ, ಆಮೇಲೆ ಅವರನ್ನು ತೋರಿಸಿ ವ್ಯಾಪಾರಿಗಳಿಗೆ ಬೆಣ್ಣೆ, ಕೊನೆಗೆ ಇಬ್ಬರಿಗೂ ಸುಣ್ಣ, ಬೆಣ್ಣೆಯೆಲ್ಲ ಕಂಪನಿಗೆ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದ್ದರೆ ಆಕಳಿಸುತ್ತಿದ್ದರು.

ಆಟದಲ್ಲಿ ಪಾಠ ಹೇಳುವುದು ನಮಗೇನು ಹೊಸದಲ್ಲ. ವೈಕುಂಠ ಏಕಾದಶಿ ಜಾಗರಣೆಗೆ ಆಡುವ ಪರಮಪದ ಸೋಪಾನ ಪಟದಲ್ಲಿ ಪಾಪ-ಪುಣ್ಯದ ಲೆಕ್ಕವೇ ಇರುವುದು. ಅಮೆರಿಕದ ಲಿಜ್ಜಿ ಮ್ಯಾಗಿ ಎಂಬಾಕೆ 1904ರಲ್ಲಿ ಪೇಟೆಂಟ್ ಪಡೆದ ಆಟ ಕೂಡ, ಜಾಗದ ಒಡೆಯರು ಬರೀ ಬಾಡಿಗೆಯಿಂದ ಹೇಗೆ ಕೊಬ್ಬುತ್ತಾರೆ ಅಂತ ತೋರಿಸುವುದಕ್ಕೇ ಹುಟ್ಟಿದ್ದು. ಅದೇ ಮುಂದೆ ಮೊನೊಪಲಿ ಆಯಿತು, ಆಕೆಗೆ ಸಿಕ್ಕಿದ್ದು 500 ಡಾಲರ್. ಪಾಠ ಮರೆತುಹೋಗಿ ಬಾಡಿಗೆ ವಸೂಲಿಯ ಖುಷಿ ಮಾತ್ರ ಉಳಿಯಿತು. ನನ್ನ ಪಟಕ್ಕೂ ಆ ಅಪಾಯ ಇದೆ. ಅಕ್ಕನ ಮಗ ಈಗ ಯಜಮಾನನೇ ಆಗಬೇಕು ಅಂತ ಹಟ ಹಿಡಿಯುತ್ತಾನೆ! ಹಾಗಾಗಿ ಪ್ರತಿ ಆಟಕ್ಕೂ ಯಜಮಾನ ಬದಲಾಗಬೇಕು ಅಂತ ಮಾಡಿದ್ದೇನೆ.

ಭಾನುವಾರದ ಮಕ್ಕಳ ಪುಟದಲ್ಲಿ ಇಂಥದೊಂದು ಪಟ ಹಾಕಿ. ಮೂಲೆಯಲ್ಲಿ ಆ ಎರಡನೇ ಖಾಲಿ ಪಟಕ್ಕೂ ಜಾಗ ಬಿಡಿ, ಅದಿಲ್ಲದಿದ್ದರೆ ಇದು ಸುಮ್ನೆ ಹಾವು-ಏಣಿ ಆಟ ಅಷ್ಟೇ. ಹುಣಸೆ ಬೀಜ ನಾವೇ ತಂದುಕೊಳ್ಳುತ್ತೇವೆ.

ನಿಮ್ಮ ಹಳೇ ಓದುಗಿ,
ತುಮಕೂರು