ಹುಡುಗನಿಗೆ ಹೇನಸ್ ಅನ್ನಬೇಡ, ಪುಟ್ಟಿ

ಪುಟ್ಟಿ,

ಬಸ್ ಹತ್ತುವ ಹೊತ್ತಲ್ಲಿ ನಿನ್ನ ಮೇಲೆ ರೇಗಬಾರದಿತ್ತು. ಆದರೆ ಆಡಿದ ಮಾತನ್ನು ವಾಪಸ್ ತಗೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಕರಿಕೋಟು ಹಾಕಿದ ಮೊದಲನೆಯವಳು ನೀನು. ಓಣಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅಂಥವಳು ಟಿವಿಯಲ್ಲಿ ಹದಿನೇಳರ ಹುಡುಗನ ಸುದ್ದಿ ಕೇಳಿ "ಹೀನಸ್ ಫೆಲೋ, ನೇಣಿಗೆ ಹಾಕಬೇಕು" ಅಂದರೆ ಅಪ್ಪ ಸುಮ್ನಿರ್ತಾನಾ?

ಮೊದಲು, ಅದು ಹೀನಸ್ ಅಲ್ಲ, ಹೇನಸ್ (heinous), ಅಂದರೆ ಘೋರ. ನಮಗೆ 'ಹೀನ' ನೆನಪಾಗಿ ನಾಲಿಗೆ ಆ ಕಡೆ ಜಾರುತ್ತದೆ. ಹಳೇ ಫ್ರೆಂಚಿನಲ್ಲಿ ದ್ವೇಷಕ್ಕಿದ್ದ ಪದದಿಂದ ಬಂದದ್ದು. ಇಂಗ್ಲಿಷಿನವರು ಅದನ್ನು ಹೆಚ್ಚಾಗಿ ಕ್ರೈಮ್, ಆಕ್ಟ್ ಇಂಥವುಗಳ ಜೊತೆ ಸೇರಿಸುತ್ತಾರೆ. ಆಳಿಗೆ ಸೇರಿಸುವುದು ಕಡಿಮೆ.

ಇನ್ನು ನೀನು ಓದಿದ ಕಾನೂನು. 2015ರ ಬಾಲನ್ಯಾಯ ಕಾಯ್ದೆ ತೆಗೆದು ನೋಡು. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಜಾಸ್ತಿ ಇರುವ ಅಪರಾಧ ಹೇನಸ್. ಗರಿಷ್ಠ ಶಿಕ್ಷೆ ನೋಡಿ ಅಳೆಯಬೇಡ, ಸುಪ್ರೀಂ ಕೋರ್ಟ್ ಅದನ್ನು 2020ರಲ್ಲೇ ಬಿಡಿಸಿ ಹೇಳಿದೆ. ಹುಡುಗನಿಗೆ 16 ತುಂಬಿದ್ದರೂ ನೇರವಾಗಿ ದೊಡ್ಡವರ ಹಾಗೆ ವಿಚಾರಣೆ ಇಲ್ಲ. ಅವನಿಗೆ ತಿಳಿವಳಿಕೆ ಎಷ್ಟಿತ್ತು, ಯಾವ ಪರಿಸ್ಥಿತಿಯಲ್ಲಿ ಮಾಡಿದ ಅಂತ ಬಾಲನ್ಯಾಯ ಮಂಡಳಿ ಮೊದಲು ನೋಡಬೇಕು. ನೇಣಂತೂ ಇಲ್ಲವೇ ಇಲ್ಲ. ನೋಡು, ಪಾಠ ಶುರು ಹಚ್ಚಿಬಿಟ್ಟೆ.

ನಾನು ಮಂಡಳಿಯಲ್ಲಿ ಟೈಪಿಸ್ಟ್ ಆಗಿದ್ದಾಗ ಒಬ್ಬ ಹುಡುಗ ಬರುತ್ತಿದ್ದ. ಕೊಲೆ ಕೇಸು. ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಲ್ ಟಿಕೆಟ್ ಹಿಡಿದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. "ಸಾರ್, ನನ್ನ ಹೆಸರಲ್ಲಿ ಒಂದು ಎಚ್ ಬಿಟ್ಟೋಗಿದೆ. ಪರೀಕ್ಷೆಗೆ ಕೂರಿಸ್ತಾರಾ?" ಅಂತ ಕೇಳಿದ. ಅವನು ಏನು ಮಾಡಿದ್ದ ಅಂತ ಆಗಷ್ಟೇ ಟೈಪ್ ಮಾಡಿ ಎದ್ದು ಬಂದಿದ್ದೆ. ನೀನು ಓದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಅದನ್ನು ಹೇನಸ್ ಅನ್ನು, ನಾನೂ ಅನ್ನುತ್ತೇನೆ. ಆದರೆ ಬೆರಳಿಟ್ಟು ಆ ಎಚ್ ಜಾಗ ತೋರಿಸುತ್ತಿದ್ದನಲ್ಲ, ಅವನಿಗೆ ಏನನ್ನಬೇಕು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ. ಅವನಮ್ಮ ಬಿಸ್ಕತ್ ಪೊಟ್ಟಣ ಹಿಡಿದು ನಿಂತಿದ್ದರು. ಸತ್ತವನ ಅಮ್ಮ ಗೇಟಿನ ಹತ್ತಿರ ಇದ್ದರು. ಆ ತಾಯಿಯ ಮುಂದೆ ಈ ಮಾತೆಲ್ಲ ಆಡುವ ಧೈರ್ಯ ನನಗಿಲ್ಲ, ಅದೂ ನಿಜ.

ನಿನ್ನ ಬಾಯಿ ಜೋರು. ಕೋರ್ಟಿಗೆ ಅದು ಬೇಕು ಕೂಡ. ನನಗೆ ಭಯ ಇರುವುದು ನಿನ್ನ ಅವಸರದ್ದು. ಸೀನಿಯರ್ ಯಾವ ಕಡೆ ವಕಾಲತ್ತು ಹಾಕಿದರೂ ಸರಿ, ಡ್ರಾಫ್ಟಿನಲ್ಲಿ ಆ ಪದ ಬರೆಯುವ ಮುಂಚೆ ಸೆಕ್ಷನ್ ತೆಗೆದು ಕನಿಷ್ಠ ಶಿಕ್ಷೆ ನೋಡಿಕೋ.

ಪಿಜಿ ಊಟ ಸೇರದಿದ್ದರೆ ಹೇಳು. ಅಮ್ಮ ಚಟ್ನಿಪುಡಿ ಕಳಿಸುತ್ತಾಳಂತೆ.

ನಿನ್ನ
ಅಪ್ಪ