ಗಂಟೆಗಳ ಲೆಕ್ಕಕ್ಕೆ ಅಂಕ ಬೇಡ

ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಶಾಲೆಗಳಿಗೆ ಸ್ವಯಂಸೇವಕರಾಗಿ ಕಳುಹಿಸುವುದು ಸ್ವಾಗತಾರ್ಹವಾದರೂ, ಎರಡು–ಮೂರು ವಾರಗಳ ಭೇಟಿಯಿಂದ ಮಕ್ಕಳ ಕಲಿಕೆಗೆ ಆಗುವ ಲಾಭ ಅಷ್ಟಕ್ಕಷ್ಟೇ. ಪ್ರತಿ ಹೊಸ ತಂಡವೂ ಮೊದಲಿನಿಂದಲೇ ಪಾಠ ಶುರುಮಾಡುತ್ತದೆ. 52ರಲ್ಲಿ 27 ಕಳೆದು 35 ಎಂದು ಬರೆಯುವ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದೆ, ದಶಕ ಬಿಡಿಸುವುದು (ಒಂದು ಹತ್ತನ್ನು ಹತ್ತು ಬಿಡಿಗಳಾಗಿಸುವುದು) ಅದಕ್ಕೆ ತಿಳಿದಿಲ್ಲ. ಇದನ್ನು ಗುರುತಿಸಿ ತಿದ್ದುವಷ್ಟರಲ್ಲಿ ತಂಡದ ಅವಧಿ ಮುಗಿದಿರುತ್ತದೆ, ಇಲ್ಲವೇ ಸೆಮಿಸ್ಟರ್ ಪರೀಕ್ಷೆ ಬಂದಿರುತ್ತದೆ.

ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನೆಯದಾದ ಶಿಕ್ಷಣದ ಗುರಿಯ 4.7ನೇ ಉಪಗುರಿ ಮಾನವ ಹಕ್ಕು, ಜಾಗತಿಕ ಪೌರತ್ವದ ಶಿಕ್ಷಣವನ್ನೂ ಒಳಗೊಂಡಿದೆ. ಆದರೆ ಕೆಲವು ಮಕ್ಕಳಷ್ಟೇ ಏಕೆ ಹಿಂದುಳಿಯುತ್ತಾರೆ ಎಂಬ ಚರ್ಚೆಯೇ ಇಲ್ಲದೆ ಪಾಠ ಹೇಳಿ ಬರುವುದು (ಫೋಟೊ ಮಾತ್ರ ತಪ್ಪದು!) ದಾನವಾದೀತೇ ಹೊರತು ನ್ಯಾಯದ ಅರಿವಾಗದು.

ಆದ್ದರಿಂದ ಕನಿಷ್ಠ ಒಂದು ಸೆಮಿಸ್ಟರ್, ವಾರಕ್ಕೆ ಎರಡು ನಿಗದಿತ ಗಂಟೆ, ಐದಾರು ಮಕ್ಕಳಿಗೆ ಇಬ್ಬರು ಸ್ವಯಂಸೇವಕರು ಎಂಬ ನಿಯಮವಿರಲಿ. ಒಬ್ಬರಿಗೆ ಪರೀಕ್ಷೆಯಿದ್ದರೂ ಇನ್ನೊಬ್ಬರು ತರಗತಿ ನಡೆಸಬಹುದು. ಗಂಟೆ ಎಣಿಸಿ ಅಂಕ ಕೊಡುವ ಬದಲು, ಪ್ರತಿ ಮಗುವಿನ ತಪ್ಪುಗಳನ್ನು ದಾಖಲಿಸಿದ ಪುಸ್ತಕವನ್ನು ಮುಂದಿನ ತಂಡಕ್ಕೆ ಹಸ್ತಾಂತರಿಸಿದವರಿಗೆ ಮಾತ್ರ ವಿಶ್ವವಿದ್ಯಾಲಯ ಕ್ರೆಡಿಟ್ (ಪದವಿಗೆ ಸೇರುವ ಅಂಕ) ನೀಡಲಿ.